ಸ್ಯಾಮ್ (ತೀವ್ರ ಅಪೌಷ್ಟಿಕತೆಯ) ಮಕ್ಕಳ ಸಂಖ್ಯೆ ಅರ್ಧಕ್ಕೆ ಇಳಿದಿದೆ: ಕಾರ್ಯಕ್ರಮದ ಫಲ ಅಂತ ಬರೆಯಬಹುದಾ?

ಜಗಳೂರು ಫೈಲ್
ಎಲ್ಲರಿಗೂ ನಮಸ್ಕಾರ. ಎರಡು ವೃತ್ತಗಳ (ಒಬ್ಬ ಮೇಲ್ವಿಚಾರಕಿಯ ವ್ಯಾಪ್ತಿ ಒಂದು ವೃತ್ತ) 40 ಅಂಗನವಾಡಿಗಳಲ್ಲಿ ಕಡಿಮೆ ತೂಕದ ಮಕ್ಕಳಿಗೆ ಆರು ತಿಂಗಳು ಹೆಚ್ಚುವರಿ ಮೊಟ್ಟೆ, ಶೇಂಗಾ ಚಿಕ್ಕಿ ಕೊಟ್ಟಿದ್ದಾರೆ. ಅದರ ಮೌಲ್ಯಮಾಪನ ವರದಿ ಬರೆಯಬೇಕಿದೆ. ಕೈಲಿರೋದು ಅಂಗನವಾಡಿ ಆ್ಯಪ್ ಆದ ಪೋಷಣ್ ಟ್ರ್ಯಾಕರ್‌ನ ತಿಂಗಳವಾರು ತೂಕ-ಎತ್ತರ, ಆರೋಗ್ಯ ಇಲಾಖೆಯ ಎಚ್‌ಎಂಐಎಸ್ ವರದಿ, ಎನ್‌ಎಫ್‌ಎಚ್‌ಎಸ್-5ರ (ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ) ಜಿಲ್ಲಾ ಹಾಳೆ. ಏಪ್ರಿಲ್‌ನಲ್ಲಿ ಅಳತೆಯಾದ 1,600 ಮಕ್ಕಳಲ್ಲಿ 64 ಸ್ಯಾಮ್, ಅಕ್ಟೋಬರ್‌ನಲ್ಲಿ 1,450ರಲ್ಲಿ 29. ಊರು ಗುರುತು ಸಿಗಬಾರದು ಅಂತ ಅಂಕಿ ಬದಲಿಸಿದ್ದೇನೆ, ಲೆಕ್ಕದ ಧಾಟಿ ಅದೇ. ಶೇ. 4ರಿಂದ ಶೇ. 2. "ಅರ್ಧಕ್ಕೆ ಇಳಿಕೆ" ಅಂತ ಮೊದಲ ಪುಟದಲ್ಲೇ ಹಾಕಿ ಅಂತಿದ್ದಾರೆ. ಹಾಕಬಹುದಾ?

ಛೇದ ಮೊದಲು
ಹಾಕಬೇಡಿ. 29ನ್ನು ಪಕ್ಕಕ್ಕಿಟ್ಟು 1,450 ನೋಡಿ. ಬಾಕಿ 150 ಮಕ್ಕಳು ಎಲ್ಲಿ?

ಟ್ರ್ಯಾಕರ್ ಕೊಡುವ ಶೇಕಡಾವಾರು ಅಳತೆಯಾದ ಮಕ್ಕಳ ಮೇಲೆ ನಿಂತದ್ದು, ದಾಖಲಾದ ಮಕ್ಕಳ ಮೇಲಲ್ಲ. ಜಗಳೂರು, ಮೊಳಕಾಲ್ಮೂರು, ಚಳ್ಳಕೆರೆ ಕಡೆಯಿಂದ ಕೂಲಿಗೆ ಗುಳೆ ಹೋಗುವ ಮನೆಗಳಲ್ಲೇ ಸೊರಗಿದ ಮಕ್ಕಳು ಹೆಚ್ಚಿರುವ ಸಂಭವ. ಆ ಮನೆಗೆ ಬೀಗ ಬಿದ್ದರೆ ನಿಮ್ಮ ಶೇಕಡಾವಾರು ತಾನಾಗೇ ಚೆನ್ನಾಗಿ ಕಾಣುತ್ತೆ. ಕಾಣೆಯಾದ 150ರಲ್ಲಿ 20 ಮಕ್ಕಳು ಸ್ಯಾಮ್ ಅಂತಿಟ್ಟುಕೊಳ್ಳಿ. 1,600ಕ್ಕೆ 49 ಆಯಿತು, ಅಂದರೆ ಶೇ. 3.1. "ಅರ್ಧ" ಅನ್ನೋ ಮಾತು ಅಲ್ಲಿಗೆ ಮುಗೀತು.

ಮಾಡಬೇಕಾದ ಕೆಲಸ ಇದು. ಏಪ್ರಿಲ್‌ನ 64 ಮಕ್ಕಳ ಲೈನ್ ಲಿಸ್ಟ್ (ಮಗುವಾರು ಪಟ್ಟಿ) ತೆಗೀರಿ. ಒಂದೊಂದು ಮಗುವನ್ನೂ ಅಕ್ಟೋಬರ್ ಪಟ್ಟಿಗೆ ಐಡಿ ಮೇಲೆ ಜೋಡಿಸಿ, ಹೆಸರಿನ ಮೇಲೆ ಬೇಡ. ಹೆಸರಿನ ಕಾಗುಣಿತ ತಿಂಗಳಿಗೊಂದು ಥರ ಇರುತ್ತೆ. ಪ್ರತಿ ಮಗುವಿನ ಮುಂದೆ ಸಾಮಾನ್ಯ, ಮ್ಯಾಮ್ (ಮಧ್ಯಮ ಅಪೌಷ್ಟಿಕತೆ), ಇನ್ನೂ ಸ್ಯಾಮ್, ಅಳತೆಯಾಗಿಲ್ಲ, ವಲಸೆ, ಐದು ವರ್ಷ ದಾಟಿದೆ, ತೀರಿಕೊಂಡಿದೆ, ಇವುಗಳಲ್ಲಿ ಒಂದು ಬರೀರಿ. "ಅಳತೆಯಾಗಿಲ್ಲ" ಮತ್ತು "ವಲಸೆ" ಬೇರೆ ಬೇರೆ ಇರಲಿ. ಒಂದು ಅಂಗನವಾಡಿಯ ಲೋಪ, ಇನ್ನೊಂದು ಊರಿನ ಬಡತನ.

ತೂಕ ಎತ್ತರ
ಛೇದ ಸರಿಯಾದರೂ ಅಳತೆ ಸರಿ ಇರಬೇಕಲ್ಲ. ಸ್ಯಾಮ್ ಅನ್ನೋದು ಎತ್ತರಕ್ಕೆ ತಕ್ಕ ತೂಕದ ಝಡ್ ಅಂಕ (ಆರೋಗ್ಯವಂತ ಮಕ್ಕಳ ಸರಾಸರಿಯಿಂದ ಎಷ್ಟು ದೂರ ಅನ್ನೋ ಲೆಕ್ಕ) ಮೈನಸ್ 3ಕ್ಕಿಂತ ಕೆಳಗಿರೋದು, ಇಲ್ಲವೇ ತೋಳಿನ ಸುತ್ತಳತೆ 11.5 ಸೆಂ.ಮೀ.ಗಿಂತ ಕಡಿಮೆ ಇರೋದು, ಇಲ್ಲವೇ ಎರಡೂ ಪಾದದಲ್ಲಿ ಬಾವು. ಈ ಮೂರರಲ್ಲಿ ನಿಮ್ಮ ಆ್ಯಪ್‌ಗೆ ಹೋಗೋದು ಹೆಚ್ಚಾಗಿ ಮೊದಲನೆಯದೇ. ಹಾಗಾಗಿ ಎತ್ತರದ ತಪ್ಪು ನೇರವಾಗಿ ಸ್ಯಾಮ್ ಲೆಕ್ಕಕ್ಕೆ ಇಳಿಯುತ್ತೆ.

ಎರಡು ವರ್ಷದೊಳಗಿನ ಮಗುವನ್ನು ಇನ್‌ಫಾಂಟೋಮೀಟರ್ ಮೇಲೆ ಮಲಗಿಸಿ ಅಳೆಯಬೇಕು, ಎರಡು ತುಂಬಿದ ಮೇಲೆ ನಿಲ್ಲಿಸಿ. ಮಲಗಿಸಿದಾಗಿನ ಉದ್ದ ನಿಂತಾಗಿನ ಎತ್ತರಕ್ಕಿಂತ ಸುಮಾರು 0.7 ಸೆಂ.ಮೀ. ಹೆಚ್ಚು ಬರುತ್ತೆ. ಹಟ ಮಾಡುವ ಚಿಕ್ಕ ಮಗುವನ್ನು ನಿಲ್ಲಿಸಿ ಅಳೆದಿದ್ದರೆ 0.7 ಕೂಡಿಸಬೇಕು, ದೊಡ್ಡ ಮಗುವನ್ನು ಮಲಗಿಸಿದ್ದರೆ 0.7 ಕಳೀಬೇಕು. ಹೇಗೆ ಅಳೆದರು ಅನ್ನೋದು ದಾಖಲಾಗದಿದ್ದರೆ ಎರಡು ವರ್ಷದ ಆಸುಪಾಸಿನ ಮಕ್ಕಳ ಅಂಕಿಯನ್ನು ನಂಬೋದು ಕಷ್ಟ.

ಮಲಗಿಸಿ ಅಳೆಯೋಕೆ ಇಬ್ಬರು ಬೇಕು. ಒಬ್ಬರು ನೆತ್ತಿ ಹಲಗೆಗೆ ತಾಗುವಂತೆ ತಲೆ ಹಿಡೀಬೇಕು, ಇನ್ನೊಬ್ಬರು ಮೊಣಕಾಲು ಒತ್ತಿ ಪಾದದ ಹಲಗೆ ಸರಿಸಬೇಕು. ಕಾರ್ಯಕರ್ತೆ ಒಬ್ಬರೇ ಮಾಡಿದರೆ ಕಾಲು ಮಡಚಿಕೊಂಡೇ ಇರುತ್ತೆ, ಉದ್ದ 1-2 ಸೆಂ.ಮೀ. ಕಡಿಮೆ ಬೀಳುತ್ತೆ. ಒಂದು ವರ್ಷದ ಆಸುಪಾಸಿನಲ್ಲಿ 1 ಸೆಂ.ಮೀ. ಅಂದರೆ ಸ್ಯಾಮ್ ಗೆರೆ ಸುಮಾರು 150ರಿಂದ 200 ಗ್ರಾಂ ಸರೀತು ಅಂತ. ಉದ್ದ ಕಡಿಮೆ ಬಂದ ಮಗು ದಪ್ಪಗಿದ್ದಂತೆ ಕಾಣುತ್ತೆ: ಸ್ಯಾಮ್ ಮುಚ್ಚಿಹೋಗಿ ಕುಂಠಿತ ಬೆಳವಣಿಗೆ (ವಯಸ್ಸಿಗೆ ತಕ್ಕ ಎತ್ತರ ಇಲ್ಲದ್ದು) ಉಬ್ಬುತ್ತೆ. ಒಂದೇ ಅಂಗನವಾಡಿಯಲ್ಲಿ ಸ್ಯಾಮ್ ಸೊನ್ನೆ, ಕುಂಠಿತ ಶೇ. 60 ಅಂತ ಇದ್ದರೆ ಮೊದಲು ಅಳತೆ ಹಲಗೆಯನ್ನು ಅನುಮಾನಿಸಿ.

ತಕ್ಕಡಿಗೆ ಕಿರಾಣಿ ಅಂಗಡಿಯ ಮುದ್ರೆ ಬಿದ್ದ 5 ಕೆ.ಜಿ. ಕಲ್ಲು ಸಾಕು. ತಿಂಗಳಿಗೊಮ್ಮೆ ಇಟ್ಟು ನೋಡಿ. 100 ಗ್ರಾಂ ಆಚೀಚೆ ತೋರಿಸಿದರೆ ಸೆಲ್ ಬದಲಿಸಿ, ಗಟ್ಟಿ ಸಮತಟ್ಟು ನೆಲದ ಮೇಲೆ ಇನ್ನೊಮ್ಮೆ ಇಡಿ, ಆಗಲೂ ಸರಿ ಬರದಿದ್ದರೆ ಆ ತಿಂಗಳ ತೂಕಕ್ಕೆ ಗುರುತು ಹಾಕಿ. ಸ್ವೆಟರ್, ಬೆಳ್ಳಿ ಕಾಲ್ಗಡಗ, ಆಗಷ್ಟೇ ಕುಡಿದ ಹಾಲು, ಎಲ್ಲವೂ ತೂಕವೇ. ಏಪ್ರಿಲ್ ಬಿಸಿಲಲ್ಲಿ ಬರಿಮೈ, ಅಕ್ಟೋಬರ್ ಚಳಿಗೆ ಸ್ವೆಟರ್ ಆದರೆ ನಿಮ್ಮ "ಸುಧಾರಣೆ"ಯಲ್ಲಿ ಒಂದಷ್ಟು ಉಣ್ಣೆಯೂ ಸೇರಿದೆ.

ಬೆಣ್ಣೆದೋಸೆ ಎಕ್ಸೆಲ್
ಉಣ್ಣೆ ಲೆಕ್ಕ 😄 ಆದರೆ ನಿಜ.

ಕಚೇರಿಯಲ್ಲೇ ಕೂತು ಹಿಡಿಯಬಹುದಾದ ತಪ್ಪುಗಳನ್ನು ಹೇಳ್ತೀನಿ ಸರ್.

ಕೊನೆಯ ಅಂಕೆ. ಎತ್ತರವನ್ನು 10ರಿಂದ ಗುಣಿಸಿ, ಪೂರ್ಣಾಂಕ ಮಾಡಿ, 10ರಿಂದ ಭಾಗಿಸಿದಾಗಿನ ಶೇಷ ತೆಗೀರಿ, ಅಂದರೆ ಎಕ್ಸೆಲ್‌ನ ಮಾಡ್ ಸೂತ್ರ. 0ಯಿಂದ 9ರವರೆಗೆ ಒಂದೊಂದು ಅಂಕೆಗೂ ಸುಮಾರು ಶೇ. 10 ಬರಬೇಕು. 0 ಮತ್ತು 5 ಸೇರಿ ಶೇ. 20ರ ಬದಲು 50, 60 ಬಂದರೆ ಅಳತೆಪಟ್ಟಿ ನೋಡಿ ಓದಿದ್ದಲ್ಲ, ಅಂದಾಜಿಗೆ ಬರೆದದ್ದು. ಇದನ್ನು ಒಟ್ಟಾರೆ ನೋಡಬೇಡಿ, ಅಂಗನವಾಡಿವಾರು ನೋಡಿ. 40ರಲ್ಲಿ ಏಳೆಂಟು ಕಡೆ ಮಾತ್ರ ಕೆಟ್ಟಿರುತ್ತೆ, ಅದು ಸರಾಸರಿಯಲ್ಲಿ ಅಡಗಿಹೋಗುತ್ತೆ.

ನಕಲು. 12ರಿಂದ 24 ತಿಂಗಳ ಮಗು ತಿಂಗಳಿಗೆ ಹತ್ತಿರ ಹತ್ತಿರ 1 ಸೆಂ.ಮೀ. ಬೆಳೆಯುತ್ತೆ. ನಾಲ್ಕು ತಿಂಗಳು 76.5, 76.5, 76.5, 76.5 ಅಂತಿದ್ದರೆ ಹಿಂದಿನ ತಿಂಗಳದ್ದೇ ಮುಂದೆ ಹೋಗಿದೆ. ತೂಕ ಮಾತ್ರ ಹೆಚ್ಚಿಸಿ ಎತ್ತರ ಹಾಗೇ ಬಿಟ್ಟರೆ ಮಗು ಕಾಗದದ ಮೇಲೆ "ಗುಣ"ವಾಗುತ್ತೆ! ಎತ್ತರ ಕಡಿಮೆಯಾದ ಮಕ್ಕಳನ್ನೂ ಎಣಿಸಿ. ಅಂಥವರು ಎಷ್ಟಿದ್ದಾರೆ ಅನ್ನೋದೇ ಅಳತೆ ಎಷ್ಟು ಸಡಿಲ ಅಂತ ಹೇಳುತ್ತೆ.

ಹರವು. ಎತ್ತರಕ್ಕೆ ತಕ್ಕ ತೂಕದ ಝಡ್ ಅಂಕಗಳ ಪ್ರಮಾಣಿತ ವಿಚಲನೆ (ಅಂಕಗಳು ಎಷ್ಟು ಹರಡಿವೆ ಅನ್ನೋ ಅಳತೆ) 0.8ರಿಂದ 1.2ರೊಳಗೆ ಇರಬೇಕು. 1.5 ಅಂದರೆ ಅಳತೆ ಹರಡಿಹೋಗಿದೆ, ಸ್ಯಾಮ್ ಸುಳ್ಳೇ ಹೆಚ್ಚಾಗಿ ಕಾಣುತ್ತೆ. 0.6 ಅಂದರೆ ಯಾರೋ ಕೂತು ನೀಟಾಗಿ ತುಂಬಿದ್ದಾರೆ. ಏಪ್ರಿಲ್‌ನಲ್ಲಿ 1.4 ಇದ್ದು ಅಕ್ಟೋಬರ್‌ಗೆ 1.1 ಆಗಿದ್ದರೆ, ಒಂದು ಮೊಟ್ಟೆ ಕೊಡದಿದ್ದರೂ ಸ್ಯಾಮ್ ಇಳಿಯುತ್ತಿತ್ತು. ಅಳೆಯೋದು ಸುಧಾರಿಸಿದೆ, ಅಷ್ಟೆ.

ಲೆಕ್ಕಕ್ಕೆ ವಿಶ್ವ ಆರೋಗ್ಯ ಸಂಸ್ಥೆಯ ಆಂಥ್ರೋ ತಂತ್ರಾಂಶ ಉಚಿತ. ಝಡ್ ಅಂಕ ಪ್ಲಸ್ 5 ಅಥವಾ ಮೈನಸ್ 5 ದಾಟಿದವನ್ನು ಅದೇ ಗುರುತು ಮಾಡುತ್ತೆ. ಅಳಿಸೋ ಮುಂಚೆ ಎಷ್ಟು ಅಳಿಸಿದಿರಿ ಅಂತ ಬರೆದಿಡಿ.

ನಾಯಕನಹಟ್ಟಿ ವೃತ್ತ
ವಯಸ್ಸನ್ನು ಬಿಟ್ಟಿರಲ್ಲ. ಎತ್ತರಕ್ಕೆ ತಕ್ಕ ತೂಕಕ್ಕೆ ವಯಸ್ಸು ಬೇಡ, ಆದರೆ ವಯಸ್ಸಿಗೆ ತಕ್ಕ ಎತ್ತರ ಪೂರಾ ವಯಸ್ಸಿನ ಮೇಲೇ ನಿಂತದ್ದು. ಒಂದು ವರ್ಷದ ಮಗುವಿಗೆ ಒಂದು ತಿಂಗಳು ತಪ್ಪಿದರೆ ಝಡ್ ಅಂಕ ಸುಮಾರು 0.5 ಸರಿಯುತ್ತೆ. ಜೂನ್ 1, ಜನವರಿ 1ರಂದು ಎಷ್ಟು ಮಕ್ಕಳು "ಹುಟ್ಟಿದ್ದಾರೆ" ಎಣಿಸಿ ನೋಡ್ರಿ. ತಾಯಿ ಕಾರ್ಡಿನ ಹೆರಿಗೆ ದಿನಾಂಕಕ್ಕೆ ತಾಳೆ ಹಾಕಿದರೆ ಅರ್ಧ ಸರಿಹೋಗುತ್ತೆ.

ಇನ್ನೊಂದು, ಎಲ್ಲರೂ ಕಾರ್ಯಕರ್ತೆ ತಲೆಗೇ ಕಟ್ತಿದ್ದೀರಿ. ಸ್ಯಾಮ್ ಹೆಚ್ಚು ತೋರಿಸಿದವರಿಗೆ ನೋಟಿಸು, ಕಡಿಮೆ ತೋರಿಸಿದವರಿಗೆ ಶಹಬ್ಬಾಸ್ ಅಂದರೆ ಅಂಕಿ ಯಾವ ಕಡೆ ವಾಲುತ್ತೆ? ಊಟ ಹಂಚೋದು, ಪಾಠ, ಸರ್ವೆ, ಮುಖ ಗುರುತಿಸುವ ಆ್ಯಪ್, ಎಲ್ಲದರ ನಡುವೆ ಅಳತೆ. ಕಾರ್ಯಕ್ರಮ ನಡೆಸಿದವರೇ ಅದರ ಫಲ ಅಳೆದರೆ ಅದನ್ನು ಮೌಲ್ಯಮಾಪನ ಅನ್ನೋಕೆ ಬರಲ್ಲ.

ಆಗೋ ಕೆಲಸ: ಶೇ. 10 ಮಕ್ಕಳನ್ನು ಮೂರು ದಿನದೊಳಗೆ ಬೇರೆ ವೃತ್ತದ ಮೇಲ್ವಿಚಾರಕಿ ಮರು ಅಳತೆ ಮಾಡಲಿ, ಮೊದಲ ಅಂಕಿ ನೋಡದೆ. ತೂಕ 100-200 ಗ್ರಾಂ, ಎತ್ತರ ಅರ್ಧ ಸೆಂ.ಮೀ. ಒಳಗೆ ಇದ್ದರೆ ಬಿಡಿ. ಅದಕ್ಕಿಂತ ಹೆಚ್ಚಾದರೆ ಆ ಅಂಗನವಾಡಿ ಪೂರ್ತಿ ಮತ್ತೆ ಅಳೀಬೇಕು. ಮೂರು ದಿನ ಯಾಕೆ ಅಂದರೆ, ವಾರ ಕಳೆದರೆ ಒಂದು ಭೇದಿ ಸಾಕು, ಅರ್ಧ ಕೆ.ಜಿ. ಹೋಗಿರುತ್ತೆ.

ಛೇದ ಮೊದಲು
ನಾಯಕನಹಟ್ಟಿ ಮೇಡಂ ಹೇಳಿದ್ದು ನೂರಕ್ಕೆ ನೂರು. ಅದರ ಜೊತೆಗೆ ಅಂಕಿಯದ್ದೇ ಒಂದು ಮೋಸ ಇದೆ. ಅತಿ ಕಡಿಮೆ ಇದ್ದವರನ್ನೇ ಆರಿಸಿ ಮತ್ತೆ ಅಳೆದರೆ, ಏನೂ ಮಾಡದಿದ್ದರೂ ಒಂದಷ್ಟು ಮಂದಿ ಮೇಲೆ ಬಂದಿರುತ್ತಾರೆ. ಆ ದಿನ ಜ್ವರ ಇದ್ದವರು, ಎತ್ತರ ಹೆಚ್ಚಾಗಿ ಓದಿಸಿಕೊಂಡವರು ಆ 64ರಲ್ಲಿ ಸೇರಿಯೇ ಇರುತ್ತಾರೆ. ಆದ್ದರಿಂದ "64ರಲ್ಲಿ ಇಷ್ಟು ಜನ ಗುಣ" ಅನ್ನೋದರಿಂದಲೂ ಕಾರ್ಯಕ್ರಮದ ಫಲ ಸಾಬೀತಾಗಲ್ಲ. ಹೋಲಿಕೆಗೆ ಮೊಟ್ಟೆ ಸಿಗದ 40 ಅಂಗನವಾಡಿ ಬೇಕು.

ಅಲ್ಲಿ ಅದೇ ಆರು ತಿಂಗಳಲ್ಲಿ ಶೇ. 3.8ರಿಂದ 2.6ಕ್ಕೆ ಇಳಿದಿದೆ ಅಂತಿಟ್ಟುಕೊಳ್ಳಿ. ನಿಮ್ಮ ಇಳಿಕೆ 2.0, ಅವರದು 1.2. ಕಾರ್ಯಕ್ರಮದ ಪಾಲು 0.8, ಉಳಿದದ್ದು ಹವೆ, ಹಂಗಾಮು, ಅಳತೆ. ಈ ಎರಡು ಗುಂಪೂ ಮೊದಲಿನಿಂದ ಒಂದೇ ಹಾದಿಯಲ್ಲಿ ಇದ್ದವಾ ಅನ್ನೋದಕ್ಕೆ ಏಪ್ರಿಲ್‌ಗೆ ಹಿಂದಿನ ಆರು ತಿಂಗಳು ನೋಡಿ. ನಿಮ್ಮ ಘಟಕ 1,600 ಮಕ್ಕಳು ಅಲ್ಲ, 40 ಅಂಗನವಾಡಿ. ಒಂದು ಅಂಗನವಾಡಿಯ ಮಕ್ಕಳೆಲ್ಲ ಒಂದೇ ನೀರು, ಒಂದೇ ಅಡುಗೆ, ಒಂದೇ ತಕ್ಕಡಿ. ಪ್ರತಿ ಕೇಂದ್ರದ ಬದಲಾವಣೆ ತೆಗೆದು 40ಕ್ಕೆ 40 ಹೋಲಿಸಿ.

ಹರಿಹರ ಸೇತುವೆ
ಹಂಗಾಮು ಅಂದಿರಿ, ಅದಕ್ಕೊಂದು ದೊಡ್ಡ ಉದಾಹರಣೆ. ಕರ್ನಾಟಕದಲ್ಲಿ ಕೃಶ (ಎತ್ತರಕ್ಕೆ ತಕ್ಕ ತೂಕ ಇಲ್ಲದ) ಮಕ್ಕಳು ಎನ್‌ಎಫ್‌ಎಚ್‌ಎಸ್-4ರಲ್ಲಿ ಶೇ. 26.1, ಎನ್‌ಎಫ್‌ಎಚ್‌ಎಸ್-5ರಲ್ಲಿ ಶೇ. 19.5. ಎಲ್ಲ ಭಾಷಣದಲ್ಲೂ ಇದು ಬರುತ್ತೆ. ಮೊದಲ ಸಮೀಕ್ಷೆ ಇಲ್ಲಿ ನಡೆದದ್ದು 2015ರ ಫೆಬ್ರವರಿಯಿಂದ ಜುಲೈ, ಎರಡನೆಯದು 2019ರ ಜುಲೈನಿಂದ ಡಿಸೆಂಬರ್. ಒಂದು ಬೇಸಿಗೆ, ಇನ್ನೊಂದು ಮಳೆಗಾಲ ಮತ್ತು ಸುಗ್ಗಿ. ಕುಂಠಿತ ನಿಧಾನವಾಗಿ ಕೂಡುವ ಕೊರತೆ, ಹಂಗಾಮಿಗೆ ಅಷ್ಟು ಅಲುಗಲ್ಲ. ಅದು 36.2ರಿಂದ 35.4ಕ್ಕೆ ಮಾತ್ರ ಇಳಿದಿದೆ. ಮಕ್ಕಳ ರಕ್ತಹೀನತೆ 60.9ರಿಂದ 65.5ಕ್ಕೆ ಏರಿದೆ. ಫೈಲ್ ಸರ್, ನಿಮ್ಮ ಏಪ್ರಿಲ್-ಅಕ್ಟೋಬರ್ ಹೋಲಿಕೆಗೂ ಇದೇ ಕಾಯಿಲೆ. ಹಿಂದಿನ ಅಕ್ಟೋಬರ್‌ಗೆ ಹೋಲಿಸಿ.

ಜಿಲ್ಲಾ ಹಾಳೆಯನ್ನಂತೂ ಇದಕ್ಕೆ ಬಳಸಲೇಬೇಡಿ. ಒಂದು ಜಿಲ್ಲೆಗೆ ಸುಮಾರು 900 ಮನೆ, ಅದರಲ್ಲಿ ಐದು ವರ್ಷದೊಳಗಿನ ಮಕ್ಕಳು 250ರಷ್ಟು ಸಿಕ್ಕರೆಂದರೆ, ಶೇ. 35 ಅನ್ನೋ ಅಂಕಿ 28ರಿಂದ 42ರ ನಡುವೆ ಎಲ್ಲಾದರೂ ಇರಬಹುದು. ಇನ್ನೊಂದು ತೊಡಕು: ಎನ್‌ಎಫ್‌ಎಚ್‌ಎಸ್-5 ಹಿಡಿದದ್ದು 2017ರ ಮಾರ್ಚ್ 31ರ ಜಿಲ್ಲಾ ಗಡಿ. ಹರಪನಹಳ್ಳಿ ಆಗ ದಾವಣಗೆರೆಯಲ್ಲಿತ್ತು. 2018ರಲ್ಲಿ ಬಳ್ಳಾರಿಗೆ ಹೋಗಿ ಈಗ ವಿಜಯನಗರದಲ್ಲಿದೆ. ಈಗಿನ ಎಚ್‌ಎಂಐಎಸ್‌ನ ದಾವಣಗೆರೆಯನ್ನು ಆ ಹಾಳೆಯ ದಾವಣಗೆರೆಗೆ ಹೋಲಿಸಿದರೆ ಒಂದು ಇಡೀ ತಾಲ್ಲೂಕು ವ್ಯತ್ಯಾಸ. ಇದನ್ನು ಗಮನಿಸದೆ ಎಷ್ಟೋ ಪಿಪಿಟಿಗಳಲ್ಲಿ ಬಾಣದ ಗುರುತು ಹಾಕಿಬಿಡ್ತಾರೆ.

ಕುಬಸದ ಪಟ್ಟಿ
ತಾಯಂದಿರ ಕಡೆ ಯಾರೂ ಬರಲಿಲ್ಲ. ಮಗು ಹುಟ್ಟುವ ಮೊದಲಿನ ಲೆಕ್ಕವೂ ವರದಿಯಲ್ಲಿ ಇರಬೇಕು ತಾನೆ?

ಎಚ್‌ಎಂಐಎಸ್ ಹೆರಿಗೆ ಎಣಿಸೋದು ಆಸ್ಪತ್ರೆ ಇರುವ ಜಾಗದಲ್ಲಿ, ತಾಯಿ ವಾಸಿಸುವ ಊರಲ್ಲಿ ಅಲ್ಲ. ದಾವಣಗೆರೆಯಲ್ಲಿ ಎರಡು ವೈದ್ಯಕೀಯ ಕಾಲೇಜು, ಜಿಲ್ಲಾಸ್ಪತ್ರೆ ಇವೆ. ಹೊಳಲ್ಕೆರೆ, ರಾಣೆಬೆನ್ನೂರು, ಹರಪನಹಳ್ಳಿ ಕಡೆಯ ತೊಡಕಿನ ಹೆರಿಗೆಗಳು ಅಲ್ಲಿಗೇ ಬರುತ್ತವೆ. ಹಾಗಾಗಿ ಸಿಸೇರಿಯನ್, ಕಡಿಮೆ ತೂಕದ ಶಿಶು, ನವಜಾತ ಸಾವು ದಾವಣಗೆರೆ ಖಾತೆಯಲ್ಲಿ ಉಬ್ಬಿ ಚಿತ್ರದುರ್ಗದ ಖಾತೆಯಲ್ಲಿ ಇಳಿಯುತ್ತವೆ. ಇದನ್ನು ನೋಡಿ ಒಂದು ಜಿಲ್ಲೆಯನ್ನು ಹೊಗಳಿ ಇನ್ನೊಂದನ್ನು ತೆಗಳೋದು ಅನ್ಯಾಯ.

ಆರ್‌ಸಿಎಚ್ ಪೋರ್ಟಲ್‌ನಲ್ಲಿ (ಗರ್ಭಿಣಿ-ಮಕ್ಕಳ ನೋಂದಣಿ) ಬೇರೆ ಗೋಳು. ಕುಬಸ (ಸೀಮಂತ) ಮಾಡಿ ತವರಿಗೆ ಕರ್ಕೊಂಡು ಹೋದ ಮೇಲೆ ಅಲ್ಲಿನ ಉಪಕೇಂದ್ರದಲ್ಲಿ ಹಳೇ ಐಡಿ ಹುಡುಕದೆ ಹೊಸದು ತೆರೆದುಬಿಟ್ಟರೆ ಒಬ್ಬ ಬಸುರಿ ಇಬ್ಬರಾದಳು. ಗಂಡನ ಊರಲ್ಲಿ "ನಾಲ್ಕು ತಪಾಸಣೆ ಪೂರ್ತಿಯಾಗಿಲ್ಲ", ತವರಲ್ಲಿ "12 ವಾರದೊಳಗೆ ನೋಂದಣಿ ಆಗಿಲ್ಲ". ಒಬ್ಬಳಿಂದ ಎರಡೂ ಕಡೆ ಕೆಟ್ಟ ಹೆಸರು. ಹಿಡಿಯೋ ದಾರಿ: ಫೋನ್ ನಂಬರ್, ಕೊನೆಯ ಮುಟ್ಟಿನ ದಿನಾಂಕ ಏಳು ದಿನ ಆಚೀಚೆ, ವಯಸ್ಸು. ಮೂರೂ ಕೂಡಿದರೆ ಫೋನ್ ಮಾಡಿ ಕೇಳಿ. ಫೋನ್ ನಂಬರ್ ಒಂದನ್ನೇ ನಂಬಬೇಡಿ, ಒಂದೇ ಮನೆಯ ಅತ್ತಿಗೆ-ನಾದಿನಿಗೆ ಒಂದೇ ಮೊಬೈಲ್ ಇರುತ್ತೆ.

ನೋಂದಣಿ ಪೂರ್ತಿಯಾಗಿದೆಯಾ ಅನ್ನೋದಕ್ಕೆ ಅಂದಾಜು: 5,000 ಜನಸಂಖ್ಯೆ, ಜನನ ಪ್ರಮಾಣ ಸಾವಿರಕ್ಕೆ 17 ಆದರೆ ವರ್ಷಕ್ಕೆ 85 ಜನನ, ಗರ್ಭ ನಷ್ಟಕ್ಕೆ ಶೇ. 10 ಸೇರಿಸಿ 93-94 ಬಸುರಿಯರು. 60 ಬಂದರೆ ಬಿಟ್ಟುಹೋಗಿದ್ದಾರೆ, 130 ಬಂದರೆ ತವರಿಗೆ ಬಂದವರು ಸೇರಿದ್ದಾರೆ.

ಹುಟ್ಟಿದ ತೂಕದ ಕಾಲಂ ತೆಗೆದು 2.500 ಎಷ್ಟು ಸಲ ಬಂದಿದೆ ಎಣಿಸಿ. ಕಡಿಮೆ ತೂಕ ಅಂದರೆ 2,500 ಗ್ರಾಂಗಿಂತ ಕಡಿಮೆ, ಸರಿಯಾಗಿ 2,500 ಇದ್ದರೆ ಪಾಸು. 2,460ನ್ನು "ಎರಡೂವರೆ" ಅಂತ ಬರೆದ ಕ್ಷಣ ಆ ಶಿಶು ಪಟ್ಟಿಯಿಂದ ಹೊರಗೆ. ಆಶಾ ಹೆಚ್ಚುವರಿ ಭೇಟಿಗೆ ಹೋಗೋದು ತಪ್ಪುತ್ತೆ, ಹಾಗಾಗಿ ಇದು ಬರೀ ಅಂಕಿ ತಪ್ಪಲ್ಲ.

ಹಿಮೋಗ್ಲೋಬಿನ್: ಹಿಂದಿನ ವರ್ಷ ಸಾಹ್ಲಿ ನಳಿಕೆ (ಬಣ್ಣ ಹೋಲಿಸಿ ನೋಡೋದು), ಈ ವರ್ಷ ಡಿಜಿಟಲ್ ಮೀಟರ್ ಆಗಿದ್ದರೆ ಆ ಹೋಲಿಕೆ ಬಿಟ್ಟುಬಿಡಿ. ಬೆರಳು ಹಿಂಡಿದರೆ ರಕ್ತಕ್ಕೆ ಅಂಗಾಂಶದ ನೀರು ಬೆರೆತು ಕಡಿಮೆ ತೋರಿಸುತ್ತೆ, ಮೊದಲ ಎರಡು ಹನಿ ಒರೆಸಿ ಮೂರನೆಯದನ್ನು ತೆಗೀಬೇಕು. ಐದನೇ ತಿಂಗಳವರನ್ನು ಎರಡನೇ ತಿಂಗಳವರಿಗೆ ಹೋಲಿಸಬೇಡಿ, ನಡುಗರ್ಭದಲ್ಲಿ ರಕ್ತ ತೆಳುವಾಗೋದು ಸಹಜ.

ನಾಯಕನಹಟ್ಟಿ ವೃತ್ತ
ಒಂದು ಸೇರಿಸ್ತೀನಿ. ಹೆರಿಗೆಯಾದ ಮೇಲೆ ಆಶಾ 3, 7, 14, 21, 28, 42ನೇ ದಿನ ಮನೆಗೆ ಹೋಗಬೇಕು. ಕೆಲವು ಗೊಲ್ಲರಹಟ್ಟಿಗಳಲ್ಲಿ ಬಾಣಂತಿ-ಮಗುವನ್ನು ಹಟ್ಟಿಯ ಹೊರಗೆ ಇರಿಸೋ ಪದ್ಧತಿ ಇನ್ನೂ ಪೂರ್ತಿ ಹೋಗಿಲ್ಲ. ಭೇಟಿಯ ದಿನಾಂಕ ತುಂಬಿದ್ದು ಮಗುವಿನ ತೂಕ ಖಾಲಿ ಇದ್ದರೆ ಹೊರಗಿನಿಂದಲೇ ಮಾತಾಡಿಸಿ ಬಂದಿರಬಹುದು. ಭೇಟಿ ಎಣಿಸಬೇಡ್ರಿ, ತೂಕ ತುಂಬಿದ ಭೇಟಿ ಎಣಿಸ್ರಿ.

ದಾಸ್ತಾನು ಪುಸ್ತಕ
ಮೊಟ್ಟೆ ತಲುಪಿತಾ ಅಂತ ಕೇಳದೆ ಮೊಟ್ಟೆಯ ಫಲ ಅಳೆಯೋಕೆ ಹೊರಟಿದ್ದೀರಿ 🙂

ಗರ್ಭಿಣಿ-ಬಾಣಂತಿಯರಿಗೆ ಅಂಗನವಾಡಿಯಲ್ಲಿ ಬಿಸಿಯೂಟ ಕೊಡುವ ಮಾತೃಪೂರ್ಣ 2017ರ ಅಕ್ಟೋಬರ್ 2ರಿಂದ ನಡೀತಿದೆ, ಅದಕ್ಕೂ ಇದೇ ಲೆಕ್ಕ. 12 ಗರ್ಭಿಣಿ-ಬಾಣಂತಿಯರು, ತಿಂಗಳಿಗೆ 25 ದಿನ ಅಂದರೆ 300 ಊಟ, 300 ಮೊಟ್ಟೆ. ಹಾಜರಿ 300, ಮೊಟ್ಟೆ ಬಿಲ್ಲು 300, ಆದರೆ ಅಕ್ಕಿ ದಾಸ್ತಾನು ಅರ್ಧವೂ ಕರಗಿಲ್ಲ, ಸಿಲಿಂಡರ್ ಎರಡು ತಿಂಗಳಿಂದ ಬದಲಾಗಿಲ್ಲ ಅಂದರೆ ಊಟ ಬೇಯುತ್ತಿಲ್ಲ. ನಾಲ್ಕು ಪುಸ್ತಕ ಪಕ್ಕಪಕ್ಕ ಇಡಿ. ಒಂದನ್ನು ತಿದ್ದೋದು ಸುಲಭ, ನಾಲ್ಕನ್ನೂ ಒಂದಕ್ಕೊಂದು ಹೊಂದುವಂತೆ ತಿದ್ದೋದು ಕಷ್ಟ.

ಮನೆ ಕಡೆ: ಪ್ರತಿ ವೃತ್ತಕ್ಕೆ 19 ಮನೆ ಚೀಟಿ ಎತ್ತಿ ಆರಿಸಿ. ಗುರಿ ಶೇ. 80 ಇದ್ದರೆ 19ರಲ್ಲಿ ಕನಿಷ್ಠ 13 ಮನೆಯಲ್ಲಿ "ನಿನ್ನೆ ಮಗು ತಾನೇ ಮೊಟ್ಟೆ ತಿಂತು" ಅಂತ ಸಿಗಬೇಕು. 12 ಅಥವಾ ಕಡಿಮೆ ಆದರೆ ಆ ವೃತ್ತ ಗುರಿ ಮುಟ್ಟಿಲ್ಲ. ಇದು ಪಾಸು-ಫೇಲು ಹೇಳುತ್ತೆ, 13ನ್ನು 19ರಿಂದ ಭಾಗಿಸಿ ಶೇ. 68 ಅಂತ ವರದಿಗೆ ಹಾಕಬೇಡಿ. ಮೊಟ್ಟೆ ಮನೆಗೆ ಕೊಟ್ಟಿದ್ದರೆ ಅಣ್ಣ-ಅಕ್ಕಂದಿರಿಗೆ ಪಾಲಾಗಿರುತ್ತೆ, ಅದಕ್ಕೇ "ತಾನೇ" ಅಂತ ಒತ್ತಿ ಕೇಳೋದು.

6ರಿಂದ 23 ತಿಂಗಳ ಮಕ್ಕಳಿಗೆ ನಿನ್ನೆಯ ಊಟ ಕೇಳಿ ಎಂಟು ಆಹಾರ ಗುಂಪಲ್ಲಿ ಐದು ಬಂತಾ ನೋಡೋದು ಕ್ರಮ. ಎದೆಹಾಲೂ ಒಂದು ಗುಂಪು. ಇಲ್ಲಿ ತಪ್ಪೋದು ಎಲ್ಲಿ ಅಂದರೆ ಮುದ್ದೆ, ರೊಟ್ಟಿ, ಅನ್ನ, ಮಂಡಕ್ಕಿ ನಾಲ್ಕೂ ಒಂದೇ ಗುಂಪು, ಆದರೆ ಕೇಳುವವರು ನಾಲ್ಕು ಗೀಟು ಹಾಕಿರ್ತಾರೆ. ಸಾರಿನ ತಿಳಿ ಬೇಳೆ ಅಲ್ಲ.

ಜಗಳೂರು ಫೈಲ್
ಎಲ್ಲರಿಗೂ ಧನ್ಯವಾದ. 64ರ ಪಟ್ಟಿ ಜೋಡಿಸಿದೆ. 47 ಸಿಕ್ಕರು: 14 ಇನ್ನೂ ಸ್ಯಾಮ್, 19 ಮ್ಯಾಮ್, 14 ಸಾಮಾನ್ಯ. ಸಿಗದ 17ರಲ್ಲಿ 11 ವಲಸೆ, 4 ಐದು ವರ್ಷ ದಾಟಿದವು, 2 ಬೇರೆ ಅಂಗನವಾಡಿಗೆ ಹೋದವು. "ಅರ್ಧಕ್ಕೆ ಇಳಿಕೆ" ತೆಗೆದು ಹೀಗೆ ಬರೆದಿದ್ದೇನೆ: "ಏಪ್ರಿಲ್‌ನ 64 ಮಕ್ಕಳಲ್ಲಿ 33 ಮಂದಿ ಸ್ಯಾಮ್‌ನಿಂದ ಹೊರಬಂದಿದ್ದಾರೆ, 17 ಮಂದಿಯ ಸ್ಥಿತಿ ಅಕ್ಟೋಬರ್‌ನಲ್ಲಿ ಅಳತೆಗೆ ಸಿಕ್ಕಿಲ್ಲ. ಆದ್ದರಿಂದ ಚೇತರಿಕೆ ಶೇ. 52ರಿಂದ 78ರ ನಡುವೆ. ಹೋಲಿಕೆ ಗುಂಪಿಲ್ಲದ ಕಾರಣ ಇದನ್ನು ಆಹಾರದ ಫಲವೆಂದು ಹೇಳಲಾಗದು."

ಛೇದ ಮೊದಲು
ಈಗ ಸರಿ. ಆದರೆ ಅಕ್ಟೋಬರ್‌ನ 29ರಲ್ಲಿ ಹಳಬರು 14, ಹಾಗಾದರೆ 15 ಹೊಸಬರು. ಅವರು ಯಾರು? ಕಾರ್ಯಕ್ರಮದ ಪಟ್ಟಿ ಏಪ್ರಿಲ್‌ಗೇ ಮುಚ್ಚಿದ್ದರೆ ಆ 15 ಮಕ್ಕಳಿಗೆ ಮೊಟ್ಟೆ ಸಿಕ್ಕೇ ಇಲ್ಲ. ವಯಸ್ಸು ನೋಡಿ.

ಜಗಳೂರು ಫೈಲ್
ನೋಡಿದೆ ಸರ್. 15ರಲ್ಲಿ 10 ಮಕ್ಕಳು 7ರಿಂದ 14 ತಿಂಗಳವು. ಪಟ್ಟಿ ಏಪ್ರಿಲ್‌ಗೇ ಮುಚ್ಚಿದೆ.

ತೂಕ ಎತ್ತರ
ಮೇಲಾಹಾರ ಶುರುವಾಗುವ ವಯಸ್ಸು ಅದು. ವರದಿಯಲ್ಲಿ ಆ ಸಾಲು ದಪ್ಪಕ್ಷರದಲ್ಲಿ ಬರಲಿ: ಪಟ್ಟಿ ಪ್ರತಿ ತಿಂಗಳು ತೆರೀಬೇಕು, ಆರು ತಿಂಗಳು ತುಂಬಿದ ಮಗು ತಾನಾಗೇ ಅಳತೆಗೆ ಬರಬೇಕು.

ಆ 11 ವಲಸೆ ಮಕ್ಕಳು ದೀಪಾವಳಿಗೆ ಊರಿಗೆ ಬಂದರೆ ಹಲಗೆ, ತಕ್ಕಡಿ ಹೊತ್ತು ಹೋಗೋದು ಬೇಡ, ತೋಳಿನ ಪಟ್ಟಿ ಸಾಕು. ಎಡತೋಳು, ಭುಜದ ತುದಿ ಮತ್ತು ಮೊಣಕೈ ನಡುವಿನ ಮಧ್ಯಬಿಂದು, ಗುರುತು ಹಾಕುವಾಗ ಕೈ ಮಡಚಿರಲಿ, ಅಳೆಯುವಾಗ ಇಳಿಬಿಟ್ಟಿರಲಿ. ಪಟ್ಟಿ ಚರ್ಮಕ್ಕೆ ತಾಗಬೇಕು, ಒತ್ತಬಾರದು. ಆರು ತಿಂಗಳ ಕೆಳಗಿನವರಿಗೆ 11.5ರ ಗೆರೆ ಅನ್ವಯಿಸಲ್ಲ. ಆದರೆ ತೋಳಿನ ಅಳತೆಯಿಂದ ಸಿಕ್ಕ ಸ್ಯಾಮ್‌ನ್ನು ಮೇಲಿನ 47ರ ಜೊತೆ ಕೂಡಿಸಬೇಡಿ, ಪಕ್ಕದ ಕಾಲಂನಲ್ಲಿ ಬೇರೆ ಬರೀರಿ. ಎರಡೂ ಅಳತೆ ಹಿಡಿಯೋದು ಯಾವಾಗಲೂ ಒಂದೇ ಮಕ್ಕಳನ್ನಲ್ಲ.

ನಾಯಕನಹಟ್ಟಿ ವೃತ್ತ
ಹಬ್ಬದ ಮರುದಿನವೇ ಹೋಗ್ರಿ. ಕಾಫಿ ಕೊಯ್ಲಿಗೆ ಮೇಸ್ತ್ರಿ ಗಾಡಿ ತಂದ ಅಂದರೆ ಅರ್ಧ ಹಟ್ಟಿ ಖಾಲಿ.